ಮಾತು ಕೊಡುವ ಮುನ್ನ

ಅಮೆರಿಕಕ್ಕೆ ಓದಲು ಹೊರಟವರು ಒಂದು ದಿನ ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ಕಾನ್ಸುಲೇಟಿನ ಗಾಜಿನ ಕಿಂಡಿಯ ಮುಂದೆ ನಿಲ್ಲಲೇಬೇಕು. ಆಚೆ ಕೂತವರು ಕೇಳುವುದು ಹೆಚ್ಚೇನಿಲ್ಲ. ಯಾವ ಯೂನಿವರ್ಸಿಟಿ, ಅದೇ ಯಾಕೆ, ಖರ್ಚು ಯಾರು ನೋಡಿಕೊಳ್ಳುತ್ತಾರೆ. ಇವಕ್ಕೆಲ್ಲ ಕೈಯಲ್ಲಿರುವ ಫೈಲಿನಲ್ಲೇ ಉತ್ತರವಿದೆ. ಫೈಲಿನಲ್ಲಿ ಉತ್ತರವಿಲ್ಲದ ಪ್ರಶ್ನೆ ಒಂದೇ: ಓದು ಮುಗಿದ ಮೇಲೆ ನಿಮ್ಮ ದೇಶಕ್ಕೆ ವಾಪಸ್ ಹೋಗುತ್ತೀರಾ? ಅಲ್ಲಿನ ವಲಸೆ ಕಾಯ್ದೆಯ 214(ಬಿ) ಕಲಮಿನ ಪ್ರಕಾರ ವೀಸಾ ಕೇಳಲು ಬಂದವರೆಲ್ಲ ಅಲ್ಲೇ ನೆಲೆಸುವ ಇರಾದೆಯವರೆಂದೇ ಲೆಕ್ಕ. ಹಾಗಲ್ಲ ಎಂದು ಮನವರಿಕೆ ಮಾಡಿಕೊಡುವ ಹೊಣೆ ಅರ್ಜಿ ಹಾಕಿದವರದು. ಹೀಗಾಗಿ ಎಲ್ಲರ ಉತ್ತರವೂ ಒಂದೇ: ‘ಹೌದು, ವಾಪಸ್ ಬರುತ್ತೇನೆ.’

ನಾನು ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ಕನ್ನಡ ಮೇಡಂ. ಮಗಳು ಬಿಇ ಮುಗಿಸಿ ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದಾಳೆ. ಬರುವ ಆಗಸ್ಟಿಗೆ ಎಂಎಸ್ ಓದಲು ಹೊರಡುವ ತಯಾರಿ ನಡೆದಿದೆ. ರಜೆಗೆ ಊರಿಗೆ ಬಂದಾಗ ನಮ್ಮ ಊಟದ ಮೇಜೇ ಕಾನ್ಸುಲೇಟು, ನಮ್ಮನೆಯವರೇ ವೀಸಾ ಅಧಿಕಾರಿ. ಕನ್ನಡಕ ಮೂಗಿನ ತುದಿಗಿಳಿಸಿ, ಇಲ್ಲದ ಗಾಂಭೀರ್ಯ ತಂದುಕೊಂಡು ಇಂಗ್ಲಿಷಿನಲ್ಲಿ ಪ್ರಶ್ನೆ ಹಾಕುತ್ತಾರೆ. ಅವಳು ಕನ್ಸಲ್ಟೆನ್ಸಿಯವರು ಕಲಿಸಿದ ಹಾಗೆ ಪಟಪಟ ಉತ್ತರ ಹೇಳುತ್ತಾಳೆ. ಒಂದು ಭಾನುವಾರ ಪಕ್ಕದಲ್ಲೇ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದ ನಮ್ಮತ್ತೆ ತಲೆಯೆತ್ತಿ, “ಏನಂತೆ ಅವನು ಕೇಳೋದು?” ಅಂದರು. ಹೇಳಿದೆ. “ನೀ ಏನಂದೆ ಪುಟ್ಟಿ?”

“ಬರ್ತೀನಿ ಅಂದೆ ಅಜ್ಜಿ.”

“ನಿಜವಾಗ್ಲೂ ಬರ್ತೀಯಾ?”

ಮಗಳು ನನ್ನ ಮುಖ ನೋಡಿದಳು. ಅಧಿಕಾರಿಗಳು ಮುಂದಿನ ಪ್ರಶ್ನೆಗೆ ಹೋಗಿಬಿಟ್ಟರು.

ಅತ್ತೆಯ ಪ್ರಶ್ನೆಯನ್ನು ಹಾಗೆ ದಾಟಿ ಹೋಗಲು ನನಗಾಗಲಿಲ್ಲ. ವಾಪಸ್ ಬರುತ್ತೇನೆ ಎಂಬ ಆ ಮಾತು ಸುಳ್ಳೇ? ಸುಳ್ಳಾದರೆ, ಸಾವಿರಾರು ಒಳ್ಳೆಯ ಮಕ್ಕಳು, ಮನೆಯಲ್ಲಿ ದೇವರ ಮುಂದೆ ದೀಪ ಹಚ್ಚಿ ನಮಸ್ಕಾರ ಮಾಡಿಯೇ ಹೊರಡುವವರು, ಸುಳ್ಳಿನಿಂದಲೇ ಓದು ಶುರು ಮಾಡುತ್ತಿದ್ದಾರೆಯೇ? ಸುಳ್ಳಲ್ಲವಾದರೆ, ಅಜ್ಜಿ ಕೇಳಿದಾಗ ಮೊಮ್ಮಗಳ ಬಾಯಿ ಕಟ್ಟಿದ್ದೇಕೆ?

ವಾಪಸ್ ಬರುವ ಮಾತು ಎಂದೊಡನೆ ಕನ್ನಡದವರಿಗೆ ನೆನಪಾಗುವುದು ಪುಣ್ಯಕೋಟಿ. ಗೋವಿನ ಹಾಡನ್ನು ಪಾಠ ಮಾಡಿದಾಗಲೆಲ್ಲ ಮಕ್ಕಳ ಕಣ್ಣಲ್ಲಿ ನೀರು ನೋಡಿದ್ದೇನೆ. ಆದರೆ ವೀಸಾ ಕಿಂಡಿಯ ಮುಂದೆ ನಿಂತವರಿಗೆ ಪುಣ್ಯಕೋಟಿಯನ್ನು ಮಾದರಿಯಾಗಿ ತೋರಿಸುವುದು ಅನ್ಯಾಯ. ಆ ಹಸು ಕೇಳಿದ್ದು ಕರುವಿಗೆ ಹಾಲೂಡಿಸಿ ಬರುವಷ್ಟು ಹೊತ್ತು. ದೊಡ್ಡಿಗೂ ಹುಲಿಯ ಗುಹೆಗೂ ನಡುವೆ ಇದ್ದದ್ದು ಒಂದೇ ದಾರಿ, ನಡೆಯಬೇಕಾದದ್ದು ಅದರದೇ ಕಾಲು. ಮನಸ್ಸು ಗಟ್ಟಿಯಿದ್ದರೆ ಮಾತು ಉಳಿದ ಹಾಗೆಯೇ. ಇಪ್ಪತ್ತನಾಲ್ಕರ ಹುಡುಗಿಯೊಬ್ಬಳು ಎರಡು ವರ್ಷ ಆದಮೇಲೆ ಎಲ್ಲಿರುತ್ತಾಳೆ ಎಂಬುದು ಅವಳ ಮನಸ್ಸೊಂದರಿಂದ ತೀರ್ಮಾನವಾಗುವ ಸಂಗತಿಯಲ್ಲ. ಓದು ಮುಗಿದ ಮೇಲೆ ಅಲ್ಲಿನ ಸರ್ಕಾರವೇ 12 ತಿಂಗಳು ಕೆಲಸ ಮಾಡಲು ಬಿಡುತ್ತದೆ. ವಿಜ್ಞಾನ, ಎಂಜಿನಿಯರಿಂಗ್ ಓದಿದವರಿಗೆ ಇನ್ನೂ 24 ತಿಂಗಳು ಸೇರಿಸುತ್ತದೆ. ಆಮೇಲೆ ವರ್ಷಕ್ಕೆ 85,000ದ ಮಿತಿಯಿರುವ ಎಚ್-1ಬಿ ಕೆಲಸದ ವೀಸಾದ ಸಾಲಿನಲ್ಲಿ ಹೆಸರು ಬರಬೇಕು. ಬಂದರೆ ಒಂದು ದಾರಿ, ಬಾರದಿದ್ದರೆ ಇನ್ನೊಂದು. ಒಂದು ಕಿಂಡಿಯಲ್ಲಿ ವಾಪಸ್ ಹೋಗುತ್ತೀಯಾ ಎಂದು ಕೇಳಿ, ಇನ್ನೊಂದು ಕಿಂಡಿಯಲ್ಲಿ ಉಳಿಯುವ ಅರ್ಜಿ ಕೊಡುವ ವ್ಯವಸ್ಥೆ ಅದು.

ಪರದೇಶಕ್ಕೆ ಓದಲು ಹೋದವರ ಕಥೆ ನಮ್ಮಲ್ಲಿ ಬೇರೆಯೇ ಇದೆ. ಮಹಾಭಾರತದ ಆದಿಪರ್ವದ ಕಚ ದೇವತೆಗಳ ಕಡೆಯವನು. ಸತ್ತವರನ್ನು ಬದುಕಿಸುವ ಮೃತಸಂಜೀವಿನಿ ವಿದ್ಯೆ ಕಲಿಯಲು ಶತ್ರುಪಾಳಯಕ್ಕೆ, ಅಸುರಗುರು ಶುಕ್ರಾಚಾರ್ಯರ ಬಳಿಗೆ ಹೋಗುತ್ತಾನೆ. ಹೋದವನು ತಾನು ಯಾರ ಮಗ, ಯಾರ ಮೊಮ್ಮಗ ಎಂದು ಮೊದಲೇ ಹೇಳುತ್ತಾನೆ, ಶಿಷ್ಯನಾಗಿ ನಿಯಮದಿಂದ ಇರುತ್ತೇನೆ ಎಂದು ಮಾತು ಕೊಡುತ್ತಾನೆ. ಯಾಕೆ ಬಂದೆ, ಕಲಿತ ಮೇಲೆ ಏನು ಮಾಡುತ್ತೀಯಾ ಎಂದು ಶುಕ್ರರು ಕೇಳುವುದಿಲ್ಲ, ಅವನೂ ಹೇಳುವುದಿಲ್ಲ. ಅಸುರರು ಮೂರು ಸಲ ಕೊಂದರೂ ಕಚ ಹಿಡಿದ ನಿಯಮ ಬಿಡಲಿಲ್ಲ.

ಇನ್ನೊಬ್ಬ ವಿದ್ಯಾರ್ಥಿ ಕರ್ಣ. ಬ್ರಹ್ಮಾಸ್ತ್ರ ಕಲಿಸಲು ದ್ರೋಣರು ಒಲ್ಲೆ ಎಂದ ಮೇಲೆ ಪರಶುರಾಮರ ಬಳಿಗೆ ಹೋದ. ಅಲ್ಲಿ ಪ್ರವೇಶ ಸಿಗಬೇಕಾದರೆ ಬ್ರಾಹ್ಮಣನಾಗಿರಬೇಕು. ಭೃಗುವಂಶದವನು ಎಂದುಬಿಟ್ಟ. ಕಲಿತ, ಚೆನ್ನಾಗಿಯೇ ಕಲಿತ. ಗುರು ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಗ ಕೀಟ ಕೊರೆದರೂ ಅಲುಗಾಡದೆ ಕೂತ. ಆ ಸಹನೆಯೇ ಗುಟ್ಟು ಬಿಚ್ಚಿತು, ಬೇಕಾದ ಹೊತ್ತಿಗೆ ವಿದ್ಯೆ ಮರೆತುಹೋಗಲಿ ಎಂಬ ಶಾಪ ಬಿತ್ತು. ಕರ್ಣನ ಕಥೆ ಓದುವಾಗ ನನ್ನ ಸಿಟ್ಟೆಲ್ಲ ಹುಟ್ಟು ನೋಡಿ ಮುಚ್ಚುವ ಆ ಬಾಗಿಲಿನ ಮೇಲೆ. ಆದರೆ ಬಾಗಿಲು ಅನ್ಯಾಯದ್ದೇ ಆದರೂ ಶಾಪ ತಟ್ಟಿದ್ದು ವಿದ್ಯಾರ್ಥಿಗೆ. ಇಂದಿಗೂ ಅಷ್ಟೇ. ಬೇಕೆಂದೇ ಸುಳ್ಳು ದಾಖಲೆಯನ್ನೋ ಸುಳ್ಳು ಹೇಳಿಕೆಯನ್ನೋ ಕೊಟ್ಟು ಸಿಕ್ಕಿಬಿದ್ದವರಿಗೆ ಅಮೆರಿಕದ ಬಾಗಿಲು ಕಾಯಂ ಆಗಿ ಮುಚ್ಚಬಹುದು. 2023ರಲ್ಲಿ ಕೆನಡಾದಲ್ಲಿ ಭಾರತದ ವಿದ್ಯಾರ್ಥಿಗಳನೇಕರ ಪ್ರವೇಶಪತ್ರಗಳೇ ನಕಲಿ ಎಂದು ಹೊರಬಿದ್ದಾಗ, ಏಜೆಂಟರು ಮಾಡಿದ ಕೆಲಸಕ್ಕೆ ಗಡೀಪಾರಿನ ಭಯದಲ್ಲಿ ಬದುಕಿದವರು ಆ ಮಕ್ಕಳು.

ಕಚನಿಗೂ ಕರ್ಣನಿಗೂ ಇರುವ ಅಂತರ ಇಲ್ಲಿ ಮುಖ್ಯ. ಕಚ ಹೇಳದೆ ಉಳಿದದ್ದು ಮುಂದಿನ ಮಾತು. ಕರ್ಣ ತಿರುಚಿ ಹೇಳಿದ್ದು ಆಗಿಹೋದ, ತನಗೆ ಖಚಿತವಾಗಿ ಗೊತ್ತಿದ್ದ ಮಾತು. ನಾನು ಯಾರು, ಏನು ಓದಿದ್ದೇನೆ, ದುಡ್ಡು ಎಲ್ಲಿಯದು ಎಂಬುವು ಈಗಾಗಲೇ ಇರುವ ಸಂಗತಿಗಳು. ಇವುಗಳಲ್ಲಿ ಒಂದು ಕೂದಲೆಳೆಯಷ್ಟು ಹೆಚ್ಚುಕಡಿಮೆ ಹೇಳಿದರೂ ಸುಳ್ಳೇ. ಬ್ರಿಟನ್ನಿನ ವೀಸಾಕ್ಕೆ ಬೇಕಾದಷ್ಟು ಹಣ 28 ದಿನ ಖಾತೆಯಲ್ಲಿ ಕದಲದೆ ಇರಬೇಕೆಂಬ ನಿಯಮವಿದೆ. ಆ 28 ದಿನದ ಮಟ್ಟಿಗೆ ಲಕ್ಷಗಟ್ಟಲೆ ಹಣವನ್ನು ಬಡ್ಡಿಗೆ ಕೊಟ್ಟು ‘ಫಂಡ್ಸ್ ತೋರಿಸುವ’ ದಂಧೆಯವರು ಎಲ್ಲ ಊರಲ್ಲೂ ಇದ್ದಾರೆ. ನಮಗೂ ಒಬ್ಬರು ಹೇಳಿಕಳಿಸಿದ್ದರು. ಮುಂದೇನಾಗುತ್ತೇನೆ ಎಂಬ ಮಾತಿನ ಜಾತಿಯೇ ಬೇರೆ. ಅದರಲ್ಲಿ ಹೇಳಬಹುದಾದ ಸತ್ಯ ಇವತ್ತಿನ ಮನಸ್ಸೊಂದೇ. ಅಮೆರಿಕದ ಕಾನ್ಸುಲರ್ ಅಧಿಕಾರಿಗಳ ಕೈಪಿಡಿ ಕೂಡ ವಿದ್ಯಾರ್ಥಿಯ ವಿಷಯದಲ್ಲಿ ಅರ್ಜಿಯ ಹೊತ್ತಿನ ಉದ್ದೇಶವನ್ನು ನೋಡಿ ಎನ್ನುತ್ತದೆ. ಆಸ್ಟ್ರೇಲಿಯಾ ಇನ್ನೂ ಮುಂದೆ ಹೋಯಿತು. ತಾತ್ಕಾಲಿಕವಾಗಿ ಮಾತ್ರ ಇರುತ್ತೇನೆಂದು ವಿದ್ಯಾರ್ಥಿ ತೋರಿಸಬೇಕೆಂಬ ಹಳೆಯ ಷರತ್ತನ್ನು 2024ರ ಮಾರ್ಚ್ 23ರಂದು ಕೈಬಿಟ್ಟು, ನೀನು ನಿಜವಾಗಿಯೂ ಓದಲು ಬರುತ್ತಿದ್ದೀಯಾ ಎಂದಷ್ಟೇ ಕೇಳತೊಡಗಿತು. ಉತ್ತರ ಕೊಡಲು ಸಾಧ್ಯವಿರುವ ಪ್ರಶ್ನೆ ಕೇಳುವುದೂ ಸತ್ಯಕ್ಕೆ ಮಾಡುವ ಉಪಕಾರ.

ಮುಂದಿನದನ್ನು ಹೇಳಲಾಗದು ಎಂದಮೇಲೆ ಮಾತು ಕೊಡುವುದಾದರೂ ಯಾವುದರ ಬಗ್ಗೆ? ಇದಕ್ಕೆ ದಾರಿ ನನಗೆ ಕಂಡದ್ದು ದಿನನಿತ್ಯದ ಪೂಜೆಯಲ್ಲಿ. ಪೂಜೆಗೆ ಕೂತವರು ಮೊದಲು ಸಂಕಲ್ಪ ಮಾಡಬೇಕು. ಯಾವ ಸಂವತ್ಸರ, ಯಾವ ತಿಥಿ, ಯಾವ ನದಿಯ ಯಾವ ದಡ, ನಾನು ಯಾರು, ಎಲ್ಲವನ್ನೂ ಹೇಳಿಕೊಳ್ಳಬೇಕು. ಅಮೆರಿಕಕ್ಕೆ ಹೋದ ನಮ್ಮ ಪುರೋಹಿತರು ಅಲ್ಲಿನ ನೆಲಕ್ಕೂ ಕ್ರೌಂಚದ್ವೀಪ ಎಂಬ ಹೆಸರು ಹೊಂದಿಸಿಕೊಂಡು ಸಂಕಲ್ಪ ಮಾಡಿಸುತ್ತಾರೆ. ಆಮೇಲೆ ಆಯುಸ್ಸು, ಆರೋಗ್ಯ, ವಿದ್ಯೆ ಎಂದು ಬೇಕಾದ ಫಲಗಳನ್ನೆಲ್ಲ ಸಂಕೋಚವಿಲ್ಲದೆ ಕೇಳಿಕೊಳ್ಳುತ್ತೇವೆ. ಆದರೆ ನೀರು ಬಿಟ್ಟು ಮಾತು ಕೊಡುವುದು ಪೂಜೆ ಮಾಡುತ್ತೇನೆ ಎಂಬುದಕ್ಕೆ ಮಾತ್ರ. ಫಲ ಆಸೆಯ ಪಟ್ಟಿಯಲ್ಲಿರುತ್ತದೆ, ಕೆಲಸ ಪ್ರತಿಜ್ಞೆಯಲ್ಲಿರುತ್ತದೆ. ಗೀತೆ ಹೇಳುವುದೂ ಇದನ್ನೇ, ನಮ್ಮ ಅಧಿಕಾರ ಕರ್ಮದ ಮೇಲಷ್ಟೇ ಎಂದು. ಹೈದರಾಬಾದಿನ ಹತ್ತಿರ ಚಿಲ್ಕೂರು ಬಾಲಾಜಿಗೆ ‘ವೀಸಾ ಬಾಲಾಜಿ’ ಎಂದೇ ಹೆಸರಾಗಿದೆ. ಬೇಡಿಕೊಳ್ಳುವಾಗ 11 ಪ್ರದಕ್ಷಿಣೆ, ಈಡೇರಿದ ಮೇಲೆ 108. ಇದನ್ನು ಗೇಲಿ ಮಾಡುವವರಿದ್ದಾರೆ. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ವೀಸಾ ಕೊಡುವುದು ದೇವರ ಪಾಲಿಗೆ ಬಿಟ್ಟದ್ದು, ಸುತ್ತುವುದು ನನ್ನ ಪಾಲಿನದು ಎಂಬ ಲೆಕ್ಕ ಅಲ್ಲಿ ಸ್ಪಷ್ಟವಾಗಿದೆ.

ಈ ಬೆಳಕಿನಲ್ಲಿ ಮಗಳ ‘ಸ್ಟೇಟ್‌ಮೆಂಟ್ ಆಫ್ ಪರ್ಪಸ್’ ಓದಿದೆ. ಕನ್ಸಲ್ಟೆನ್ಸಿಯವರು ಕೊಟ್ಟ ಮಾದರಿ ಬಾಲ್ಯದಿಂದಲೇ ಕಂಪ್ಯೂಟರಿನ ಮೇಲೆ ಹುಟ್ಟಿದ ಪ್ರೀತಿಯಿಂದ ಶುರುವಾಗಿ ಭಾರತದ ಸಮಾಜವನ್ನು ಬದಲಿಸುವಲ್ಲಿಗೆ ಮುಗಿಯುತ್ತಿತ್ತು. ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದೇ ಅವಳು ಪಿಯುಸಿಗೆ ಸೇರಿದ ಮೇಲೆ. “ನಿಜವಾಗಿ ಯಾಕೆ ಹೋಗ್ಬೇಕು ಅಂತಿದೀಯಾ?” ಎಂದು ಕೇಳಿದೆ. ಸುಮ್ಮನಿದ್ದು, “ಆಫೀಸಲ್ಲಿ ಬೇರೆಯವರು ಬರೆದದ್ದರ ತಪ್ಪು ಹುಡುಕೋದೇ ನನ್ನ ಕೆಲಸ ಅಮ್ಮ. ಅದನ್ನ ಮೊದಲಿಂದ ಕಟ್ಟೋದು ಹೆಂಗೆ ಅಂತ ಯಾರೂ ಹೇಳಿಕೊಡಲ್ಲ. ಮತ್ತೆ ಫ್ರೆಂಡ್ಸೆಲ್ಲ ಹೋಗ್ತಿದಾರೆ, ಅದೂ ಇದೆ” ಅಂದಳು. ಮೊದಲೆರಡು ಮಾತಿನಿಂದಲೇ ಅರ್ಜಿ ಶುರು ಮಾಡಿದಳು. ಮೂರನೆಯದನ್ನು ಬರೆಯಲಿಲ್ಲ. ಕೇಳದ್ದನ್ನು ಹೇಳದೆ ಉಳಿಯುವುದಕ್ಕೆ ಕಚನ ಸಮ್ಮತಿ ಇದ್ದೇ ಇದೆಯಲ್ಲ.

ಮನೆಯವರಿಗೆ ಕೊಡುವ ಮಾತಿನ ವಿಷಯಕ್ಕೆ ಬಂದರೆ, ಗಾಂಧಿಯವರ ಪ್ರಸಂಗಕ್ಕಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ. 1888ರಲ್ಲಿ ಬ್ಯಾರಿಸ್ಟರಿಕೆ ಓದಲು ಇಂಗ್ಲೆಂಡಿಗೆ ಹೊರಟಾಗ ಅವರಿಗಿನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ತಾಯಿ ಪುತಲೀಬಾಯಿಗೆ ಅಂಜಿಕೆ. ಬೇಚರ್‌ಜಿ ಸ್ವಾಮಿ ಎಂಬ ಜೈನ ಸಾಧು ಹುಡುಗನಿಂದ ಪ್ರತಿಜ್ಞೆ ಮಾಡಿಸಿದರು: ಮದ್ಯ, ಮಾಂಸ, ಪರಸ್ತ್ರೀ ಮುಟ್ಟುವುದಿಲ್ಲ. ಆ ತಾಯಿ ಓದು ಮುಗಿದೊಡನೆ ಓಡಿ ಬಾ ಎನ್ನಲಿಲ್ಲ, ಪಾಸಾಗುತ್ತೇನೆಂದು ಆಣೆ ಹಾಕಿಸಿಕೊಳ್ಳಲಿಲ್ಲ, ಇಷ್ಟು ದುಡ್ಡು ಕಳಿಸು ಎನ್ನಲಿಲ್ಲ. ಕೇಳಿದ ಮೂರೂ ಸಂಗತಿಗಳು ಲಂಡನ್ನಿನ ಯಾವ ಬೀದಿಯಲ್ಲಿದ್ದರೂ ಮಗನೊಬ್ಬನ ಕೈಯಲ್ಲೇ ಇರುವಂಥವು. ಹಾಗಾಗಿಯೇ ಆ ಮಾತನ್ನು ಉಳಿಸಿಕೊಳ್ಳಲು ಸಾಧ್ಯವಾಯಿತು.

ಅದೇ ಪ್ರಯಾಣಕ್ಕೆ ಜಾತಿಯವರು ಮಾಡಿದ್ದೇನು ನೋಡಿ. ಮುಂಬಯಿಯಲ್ಲಿ ಮೋಢ ಬನಿಯಾ ಸಮುದಾಯದ ಸಭೆ ಸೇರಿಸಿ, ಸಮುದ್ರ ದಾಟುವವನು ಜಾತಿಯಿಂದ ಹೊರಗೆ ಎಂದರು. ಸಹಾಯ ಮಾಡಿದವರಿಗೆ, ಬೀಳ್ಕೊಡಲು ಹಡಗುಕಟ್ಟೆಗೆ ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ. ಇದಕ್ಕೆ ಶಾಸ್ತ್ರದ ಬೆಂಬಲ ಇರಲಿಲ್ಲವೆಂದಲ್ಲ. ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ಪತನಕ್ಕೆ ಕಾರಣವಾಗುವ ಪಾಪಗಳಲ್ಲಿ ಎಣಿಸಿ, ಮೂರು ವರ್ಷದ ಪ್ರಾಯಶ್ಚಿತ್ತ ಹೇಳುತ್ತದೆ: ನಾಲ್ಕು ಹೊತ್ತಿಗೊಮ್ಮೆ ಮಿತವಾದ ಊಟ, ದಿನಕ್ಕೆ ಮೂರು ಸ್ನಾನ. ಸ್ನಾನದ ಮಾತು ಬಿಟ್ಟರೆ, ನಮ್ಮ ಮಕ್ಕಳು ಅಲ್ಲಿ ಮಾಡುವ ಊಟದ ಲೆಕ್ಕ ನೋಡಿದಾಗ ಪ್ರಾಯಶ್ಚಿತ್ತ ಓದಿನ ಜೊತೆಗೇ ಮುಗಿದಿರುತ್ತದೆ. ವಿದೇಶಕ್ಕೆ ಹೋಗಿಬಂದ ಪುತ್ತಿಗೆ ಶ್ರೀಗಳು ಕೃಷ್ಣನ ಮೂರ್ತಿಯನ್ನು ಮುಟ್ಟಿ ಪೂಜಿಸಬಹುದೇ ಎಂದು 2008ರ ಪರ್ಯಾಯದ ಹೊತ್ತಿಗೆ ಉಡುಪಿಯಲ್ಲಿ ದೊಡ್ಡ ಚರ್ಚೆಯೇ ಆಯಿತು. 2024ರ ಜನವರಿಯಲ್ಲಿ ಅವರೇ ಮತ್ತೆ ಪರ್ಯಾಯ ಪೀಠವೇರಿದರು. ನೀರು ದಾಟುವುದರ ನಿಷೇಧ ಹೀಗೆ ನಮ್ಮ ಕಣ್ಣೆದುರೇ ಸವೆಯುತ್ತಿದೆ, ಸವೆಯಲಿ. ಪುತಲೀಬಾಯಿ ಕೇಳಿದಂಥ ಮಾತು ಸವೆಯಬಾರದು.

ಆ ಕಥೆಯ ಇನ್ನೊಂದು ತುದಿಯನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಗಾಂಧಿ 1891ರಲ್ಲಿ ವಾಪಸ್ ಬಂದು ಹಡಗಿನಿಂದ ಇಳಿದ ಮೇಲೆಯೇ ತಾಯಿ ತೀರಿಕೊಂಡದ್ದು ತಿಳಿದದ್ದು. ಪರದೇಶದಲ್ಲಿ ಒಂಟಿಯಾಗಿರುವವನಿಗೆ ಆಘಾತವಾದೀತೆಂದು ಅಣ್ಣ ಸುದ್ದಿಯನ್ನೇ ತಿಳಿಸಿರಲಿಲ್ಲ. ಮಗ ಮಾತು ಉಳಿಸಿಕೊಂಡ, ಮನೆಯವರು ಸತ್ಯ ಮುಚ್ಚಿಟ್ಟರು. ಪ್ರೀತಿಯಿಂದಲೇ ಮುಚ್ಚಿಟ್ಟರು. ಇವತ್ತೂ ನಮ್ಮ ಬೀದಿಯ ಎಷ್ಟೋ ಮನೆಗಳಲ್ಲಿ ಹೀಗೆಯೇ ನಡೆಯುತ್ತಿದೆ. ಅಪ್ಪನಿಗೆ ಸ್ಟೆಂಟ್ ಹಾಕಿಸಿದ್ದನ್ನು ಮಗನ ಪರೀಕ್ಷೆ ಮುಗಿಯುವವರೆಗೆ ಹೇಳುವುದಿಲ್ಲ. ಮಗ ಕೆಲಸ ಹೋದದ್ದನ್ನು ಅಮ್ಮನ ಬಿಪಿ ನೆನೆದು ಹೇಳುವುದಿಲ್ಲ. ಪ್ರತಿ ವಾರ ವಿಡಿಯೊ ಕಾಲಿನಲ್ಲಿ ಎರಡೂ ಕಡೆಯವರು ನಗುತ್ತಲೇ ಇರುತ್ತಾರೆ. ವೀಸಾ ಅಧಿಕಾರಿಗೆ ಹೇಳುವ ಅರೆಸುಳ್ಳಿಗಿಂತ ಇದು ಹೆಚ್ಚು ಅಪಾಯದ್ದು. ಅಧಿಕಾರಿ ಎರಡು ನಿಮಿಷ ಎದುರಿಗಿದ್ದು ಹೋಗುವವನು, ಮನೆಯವರು ಜೀವಮಾನವಿಡೀ ಇರುವವರು.

ಮನೆಯೊಳಗಿನ ಸತ್ಯಕ್ಕೆ ನಮ್ಮಲ್ಲಿ ಬಾಗಿಲು ತೆರೆದದ್ದು ಬ್ಯಾಂಕು. ಏಳೂವರೆ ಲಕ್ಷಕ್ಕಿಂತ ಹೆಚ್ಚಿನ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತಾರೆ. ನಮ್ಮಲ್ಲಿದ್ದದ್ದು ನಗರಾಭಿವೃದ್ಧಿ ಪ್ರಾಧಿಕಾರದ (ಸೂಡಾ) ಒಂದು ಸೈಟು. ಮೂಲ ಕ್ರಯಪತ್ರ, ಖಾತಾ, ಇಸಿ, ಕಂದಾಯದ ರಸೀದಿ ಎಲ್ಲ ಜೋಡಿಸಿಕೊಂಡು ಮಗಳನ್ನೂ ಕರೆದುಕೊಂಡೇ ಹೋದೆವು. ಮ್ಯಾನೇಜರ್ ಮೇಡಂ ಒಂದೊಂದು ಪುಟ ತಿರುವಿ ಹೇಳಿದರು: ಕೋರ್ಸ್ ಮುಗಿದು ಒಂದು ವರ್ಷಕ್ಕೆ ಕಂತು ಶುರು, ಅಲ್ಲಿಯವರೆಗೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ, ಸಹಸಾಲಗಾರರು ತಂದೆ. “ಅವಳಿಗೆ ಕೆಲಸ ತಡ ಆದ್ರೆ ನೀವು ಕಟ್ಟಬೇಕು ಸರ್, ಕಟ್ಟೋಕೆ ಆಗುತ್ತಾ?” ಎಂದು ಅವಳ ಎದುರಿಗೇ ಕೇಳಿದರು. ದುಡ್ಡಿನ ಚಿಂತೆ ನಿನಗ್ಯಾಕೆ, ನೀನು ಓದು ಎನ್ನುವುದು ನಮ್ಮ ಕಡೆಯ ತಂದೆತಾಯಿಯರ ವಾಡಿಕೆ. ಬ್ಯಾಂಕಿನ ಕಾಗದಕ್ಕೆ ಆ ದಾಕ್ಷಿಣ್ಯವಿಲ್ಲ. ಫಲ ಬಾರದಿದ್ದರೆ ಏನು ಮಾಡುತ್ತೀರಿ ಎಂದು ಅದು ಮೊದಲೇ ಕೇಳುತ್ತದೆ. ನಮ್ಮನೆಯವರು ತಮ್ಮ ಸಂಬಳ, ಇನ್ನುಳಿದ ಸರ್ವೀಸು, ಪಿಂಚಣಿ ಎಷ್ಟು ಬಂದೀತು ಎಂಬುದನ್ನೆಲ್ಲ ಅಲ್ಲೇ ಹೇಳಿದರು. ಮಗಳು ಮೊಬೈಲಿನಲ್ಲಿ ಬರೆದುಕೊಂಡಳು. ಆ ಸಂಜೆ ಅವಳೇ ಮೊದಲು ಪಟ್ಟಿಯಲ್ಲಿದ್ದ ದುಬಾರಿ ಯೂನಿವರ್ಸಿಟಿಯೊಂದನ್ನು ತೆಗೆದುಹಾಕಿದಳು.

ಅತ್ತೆಗೆ ಇದೆಲ್ಲ ಹೇಳಿದಾಗ ಅವರು ವಾಪಸ್ ಬರುವ ಮಾತನ್ನು ಮತ್ತೆ ಎತ್ತಲಿಲ್ಲ. “ನಾನು ಹೋದಾಗ ನೀ ಬರ್ಲೇಬೇಕು ಅಂತ ಏನಿಲ್ಲ ಪುಟ್ಟಿ, ಟಿಕೆಟಿಗೆ ಎಷ್ಟಾಗುತ್ತೋ ಏನೋ. ಹುಷಾರಿಲ್ದಿದ್ರೆ ಹುಷಾರಿಲ್ಲ ಅಂತ ಹೇಳು. ಚೆನ್ನಾಗಿದೀನಿ ಅಂತ ಸುಳ್ಳು ಹೇಳ್ಬೇಡ. ಅಷ್ಟು ಮಾತು ಕೊಡು” ಅಂದರು. ಮಗಳು ಕೊಟ್ಟಳು. ಕೊಟ್ಟು, “ನೀವೂ ನನ್ನ ಹತ್ರ ಮುಚ್ಚಿಡಬಾರದು” ಎಂದು ನಮ್ಮಿಂದಲೂ ಪಡೆದಳು.

ಮಕ್ಕಳನ್ನು ಪರದೇಶಕ್ಕೆ ಕಳಿಸಲು ಹೊರಟ ತಂದೆತಾಯಿಯರಲ್ಲಿ ನನ್ನ ಕೋರಿಕೆ ಇಷ್ಟೇ. ವಾಪಸ್ ಬರುತ್ತೇನೆ, ಕೆಲಸ ಹಿಡಿಯುತ್ತೇನೆ, ಸಾಲ ತೀರಿಸಿ ಮನೆ ಕಟ್ಟಿಸುತ್ತೇನೆ ಎಂಬ ಮಾತುಗಳನ್ನು ಅವರಿಂದ ಪಡೆಯಬೇಡಿ. ಅವು ಅವರ ಕೈಯಲ್ಲಿಲ್ಲ. ಆಸೆಯಾಗಿ ಇಟ್ಟುಕೊಳ್ಳಿ, ದೇವರ ಹತ್ತಿರ ಕೇಳಿಕೊಳ್ಳಿ. ಅವರ ಕೈಯಲ್ಲಿರುವುದನ್ನು ಮಾತ್ರ ಕೇಳಿ: ಅರ್ಜಿಯಲ್ಲಿ ಸುಳ್ಳು ಬರೆಯಬಾರದು, ಓದಲು ಹೋದವರು ಓದಬೇಕು, ಕಷ್ಟವನ್ನು ಬಚ್ಚಿಡಬಾರದು. ನಿಮ್ಮ ಕೈಯಲ್ಲಿರುವುದನ್ನು ನೀವೂ ಕೊಡಿ: ಮನೆಯ ಲೆಕ್ಕ, ಸಾಲದ ಮೊತ್ತ, ನಿಮ್ಮ ಆರೋಗ್ಯ, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿ. ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲೇ ಹೇಳಿ. ಮನೆಯಲ್ಲಿ ಇಷ್ಟು ಮಾತು ನೇರವಾದರೆ, ಕಿಂಡಿಯ ಮುಂದೆ ಉತ್ತರ ಬಾಯಿಪಾಠ ಮಾಡಿಸಬೇಕಾಗಿಲ್ಲ.